ಓದುಗರ ಪ್ರಶ್ನೆ, ನಮ್ಮ ಉತ್ತರ: 28ರ ಗೋಡೆಯನ್ನು 4ರ ಕಣ ದಾಟುವುದು ಹೇಗೆ?

ಈ ತಿಂಗಳ ಅಂಚೆಯಲ್ಲಿ ಆಲ್ಫಾ ಕ್ಷಯ (ಭಾರವಾದ ನ್ಯೂಕ್ಲಿಯಸ್ಸೊಂದು ಹೀಲಿಯಂ ನ್ಯೂಕ್ಲಿಯಸ್ಸನ್ನು, ಅಂದರೆ ಆಲ್ಫಾ ಕಣವನ್ನು, ಹೊರಹಾಕುವುದು) ಮತ್ತು ಕ್ವಾಂಟಮ್ ಟನೆಲಿಂಗ್ (ಸಾಕಷ್ಟು ಶಕ್ತಿಯಿಲ್ಲದ ಕಣವೂ ತಡೆಗೋಡೆಯ ಆಚೆ ತಲುಪುವುದು) ಕುರಿತ ಪತ್ರಗಳೇ ಹೆಚ್ಚು ಬಂದಿವೆ. ಒಂದೇ ವಿಷಯವನ್ನು ಬೇರೆ ಬೇರೆ ಬದಿಯಿಂದ ಕೇಳಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಶಕ್ತಿಯನ್ನು ಸಾಮಾನ್ಯವಾಗಿ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಮಾನದಲ್ಲಿ ಕೊಟ್ಟಿದ್ದು, ಅದನ್ನು ಎಂಇವಿ ಎಂದು ಚಿಕ್ಕದಾಗಿ ಬರೆದಿದೆ.

ಪ್ರಶ್ನೆ: ಯುರೇನಿಯಂ ನ್ಯೂಕ್ಲಿಯಸ್ಸಿನ ಸುತ್ತ ಸುಮಾರು 28 ಎಂಇವಿ ಎತ್ತರದ ತಡೆಗೋಡೆ ಇದೆಯೆಂದೂ, ಹೊರಬರುವ ಆಲ್ಫಾ ಕಣದ ಶಕ್ತಿ ಸುಮಾರು 4 ಎಂಇವಿ ಮಾತ್ರವೆಂದೂ ಓದಿದ್ದೇನೆ. ಆ ಕಣವು ಹೈಸೆನ್‌ಬರ್ಗ್ ಅನಿಶ್ಚಿತತಾ ತತ್ವದ ಬಲದಿಂದ ಅಲ್ಪಕಾಲಕ್ಕೆ ಶಕ್ತಿಯನ್ನು ಸಾಲ ಪಡೆದು, ಗೋಡೆ ಹಾರಿ, ಆಮೇಲೆ ಸಾಲ ತೀರಿಸುತ್ತದೆ ಎಂದು ಒಂದು ವಿಡಿಯೋದಲ್ಲಿ ಹೇಳಿದರು. ಹಾಗಾದರೆ ಅಷ್ಟು ಹೊತ್ತು ಶಕ್ತಿ ಸಂರಕ್ಷಣಾ ನಿಯಮ ಮುರಿಯುತ್ತದೆಯೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮುರಿಯುವುದಿಲ್ಲ, ಕ್ಷಣಮಾತ್ರಕ್ಕೂ ಮುರಿಯುವುದಿಲ್ಲ. ಸಾಲದ ಕಥೆ ಕೇಳಲು ಸೊಗಸಾಗಿದೆ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಲೆಕ್ಕಕ್ಕೆ ಕುಳಿತರೆ ಅದು ನಿಲ್ಲುವುದಿಲ್ಲ.

ಮೊದಲು ಜಮಾ-ಖರ್ಚು ನೋಡೋಣ. ಯುರೇನಿಯಂ-238ರ ಒಂದು ಪರಮಾಣುವಿನ ದ್ರವ್ಯರಾಶಿ 238.0508 ಪರಮಾಣು ದ್ರವ್ಯರಾಶಿ ಮಾನ. ಕ್ಷಯವಾದ ಮೇಲೆ ಉಳಿಯುವ ಥೋರಿಯಂ-234ರದು 234.0436, ಹೊರಬೀಳುವ ಹೀಲಿಯಂ-4ರದು 4.0026. ಇವೆರಡನ್ನೂ ಕೂಡಿಸಿ ಮೊದಲಿನದರಿಂದ ಕಳೆದರೆ ಸುಮಾರು 0.0046 ಮಾನದಷ್ಟು ಕೊರತೆ ಕಾಣುತ್ತದೆ, ಮತ್ತು ಒಂದು ಮಾನಕ್ಕೆ 931.5 ಎಂಇವಿಯಂತೆ ಅದು ಸುಮಾರು 4.27 ಎಂಇವಿ ಆಗುತ್ತದೆ. ಈ ಕ್ಷಯಕ್ಕೆ ದೊರಕುವ ಒಟ್ಟು ಬಂಡವಾಳ ಇಷ್ಟೇ. ಇದರಲ್ಲಿ 4.20 ಎಂಇವಿಯಷ್ಟು ಆಲ್ಫಾ ಕಣದ ಪಾಲಾಗುತ್ತದೆ; ಉಳಿದ 0.07ರಷ್ಟನ್ನು ಹಿಂದಕ್ಕೆ ಒದೆಸಿಕೊಂಡ ಥೋರಿಯಂ ನ್ಯೂಕ್ಲಿಯಸ್ ಒಯ್ಯುತ್ತದೆ. ಎಲ್ಲಿಯೂ ಬಾಕಿ ಉಳಿದಿಲ್ಲ.

ಇನ್ನು ಗೋಡೆಯ ವಿಚಾರ. ಆಲ್ಫಾ ಕಣದಲ್ಲಿ 2 ಪ್ರೋಟಾನ್‌ಗಳಿವೆ, ಉಳಿಯುವ ಥೋರಿಯಂನಲ್ಲಿ 90. ಧನ ಆವೇಶಗಳೆರಡೂ ಪರಸ್ಪರ ವಿಕರ್ಷಿಸುವುದರಿಂದ, ನ್ಯೂಕ್ಲಿಯಸ್ಸಿನ ಹೊರಗೆ ಅವುಗಳ ವಿದ್ಯುತ್ ಪ್ರಚ್ಛನ್ನ ಶಕ್ತಿಯನ್ನು ಸರಳ ಭಾಗಾಕಾರದಿಂದಲೇ ಪಡೆಯಬಹುದು: 259 ಎಂಬ ಸಂಖ್ಯೆಯನ್ನು ಅವುಗಳ ನಡುವಿನ ದೂರದಿಂದ ಭಾಗಿಸಿದರೆ ಶಕ್ತಿಯು ಎಂಇವಿಯಲ್ಲಿ ದೊರೆಯುತ್ತದೆ. ದೂರವನ್ನು ಇಲ್ಲಿ ಫೆಮ್ಟೋಮೀಟರ್‌ಗಳಲ್ಲಿ, ಅಂದರೆ ಮಿಲಿಮೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಭಾಗದ ಮಾನದಲ್ಲಿ, ಅಳೆಯಬೇಕು. ನ್ಯೂಕ್ಲಿಯಸ್ಸಿನ ಅಂಚಾದ ಸುಮಾರು 9.3 ಫೆಮ್ಟೋಮೀಟರ್ ದೂರದಲ್ಲಿ ಇದು 28 ಎಂಇವಿ. ನೀವು ಓದಿದ ಎತ್ತರ ಅದೇ. ಅಂಚಿನ ಒಳಗೆ ಪ್ರಬಲ ನ್ಯೂಕ್ಲಿಯರ್ ಬಲದ ಆಕರ್ಷಣೆ ಮೇಲುಗೈ ಪಡೆಯುವುದರಿಂದ ಪ್ರಚ್ಛನ್ನ ಶಕ್ತಿ ಥಟ್ಟನೆ ಕೆಳಗೆ ಇಳಿಯುತ್ತದೆ. ಹೊರಗಡೆ ಅದು ನಿಧಾನವಾಗಿ ಇಳಿಯುತ್ತಾ, 61 ಫೆಮ್ಟೋಮೀಟರಿನ ಹತ್ತಿರ 4.27ಕ್ಕೆ ಬರುತ್ತದೆ. ಹಾಗಾಗಿ 4.27 ಎಂಇವಿಯ ಕಣದ ಪಾಲಿಗೆ ತಡೆಗೋಡೆಯೆಂದರೆ 9.3ರಿಂದ 61ರವರೆಗಿನ, ಸುಮಾರು 51 ಫೆಮ್ಟೋಮೀಟರ್ ದಪ್ಪದ ಪ್ರದೇಶ. ಪಠ್ಯಪುಸ್ತಕದ ಚಿತ್ರಗಳು ಎತ್ತರವನ್ನು ಎತ್ತಿ ತೋರಿಸುವಷ್ಟು ಈ ದಪ್ಪವನ್ನು ತೋರಿಸುವುದಿಲ್ಲ. ಆದರೆ ಕಣದ ಆಯುಷ್ಯವನ್ನು ನಿರ್ಧರಿಸುವುದರಲ್ಲಿ ದಪ್ಪದ ಪಾತ್ರ ಎತ್ತರದ ಪಾತ್ರಕ್ಕಿಂತ ಕಡಿಮೆಯದೇನಲ್ಲ.

ಆ ಕಣದ ಒಟ್ಟು ಶಕ್ತಿ ಒಳಗಿದ್ದಾಗಲೂ 4.27, ಹೊರಗೆ ಬಂದಾಗಲೂ 4.27. ಅದು 61 ಫೆಮ್ಟೋಮೀಟರಿನಲ್ಲಿ ಹೊರಬೀಳುವಾಗ ಅದರ ಚಲನಶಕ್ತಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿಂದ ಮುಂದೆ ಥೋರಿಯಂನ ವಿದ್ಯುತ್ ವಿಕರ್ಷಣೆಯೇ ಅದನ್ನು ತಳ್ಳಿ ತಳ್ಳಿ, ದೂರ ಸಾಗಿದ ಮೇಲೆ ಪ್ರಯೋಗಾಲಯದಲ್ಲಿ ನಾವು ಅಳೆಯುವ ವೇಗಕ್ಕೆ ಮುಟ್ಟಿಸುತ್ತದೆ. ಸಾಲದ ಕಥೆಯನ್ನು ಅದು ಆಧರಿಸಿರುವ ಅನಿಶ್ಚಿತತಾ ಸಂಬಂಧದಿಂದಲೇ ಪರೀಕ್ಷಿಸಿದರೂ ಸಾಕು. ಒಂದು ಸ್ಥಿತಿ ಹೆಚ್ಚು ಕಾಲ ಬಾಳಿದಷ್ಟೂ ಅದರ ಶಕ್ತಿಯ ಅನಿಶ್ಚಿತತೆ ಕಡಿಮೆ ಎನ್ನುತ್ತದೆ ಆ ಸಂಬಂಧ. ಯುರೇನಿಯಂ-238ರ ಅರ್ಧಾಯು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ. ಇಷ್ಟು ದೀರ್ಘಕಾಲ ಬಾಳುವ ಸ್ಥಿತಿಯ ಶಕ್ತಿಯಲ್ಲಿ ಇರಬಹುದಾದ ಅನಿಶ್ಚಿತತೆಯನ್ನು ಲೆಕ್ಕ ಹಾಕಿದರೆ, ಒಂದು ಎಂಇವಿಯನ್ನು 1ರ ಮುಂದೆ 38 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಾಗ ಬರುವುದಕ್ಕಿಂತಲೂ ಕಡಿಮೆ ಬರುತ್ತದೆ. ಗೋಡೆ ಹಾರಲು ಬೇಕಾದ ಸಾಲವೋ 24 ಎಂಇವಿ.

ಹಾಗಾದರೆ ಕಣ ಹೊರಬರುವುದು ಹೇಗೆ? ಶ್ರೋಡಿಂಗರ್ ಸಮೀಕರಣದ ಪ್ರಕಾರ ಕಣದ ಇರುವಿಕೆಯನ್ನು ಒಂದು ತರಂಗಫಲನ ವಿವರಿಸುತ್ತದೆ. ಕಣದ ಶಕ್ತಿ ಪ್ರಚ್ಛನ್ನ ಶಕ್ತಿಗಿಂತ ಹೆಚ್ಚಿರುವ ಕಡೆ ಈ ಫಲನ ಅಲೆಯಂತೆ ಏರಿಳಿಯುತ್ತದೆ. ಕಡಿಮೆಯಿರುವ ಕಡೆ ಅದು ಏರಿಳಿಯುವುದನ್ನು ಬಿಟ್ಟು ಕ್ಷೀಣಿಸುತ್ತಾ ಹೋಗುತ್ತದೆ, ಆದರೆ ಒಮ್ಮೆಲೇ ಸೊನ್ನೆಯಾಗುವುದಿಲ್ಲ. ಯುರೇನಿಯಂ ಗೋಡೆಯ ಅತಿ ಎತ್ತರದ ಭಾಗದಲ್ಲಿ ಪ್ರತಿ ಅರ್ಧ ಫೆಮ್ಟೋಮೀಟರಿಗೆ ಅದರ ಪಾರ (ಅಲೆಯ ಎತ್ತರ) ಸುಮಾರು ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಮುಂದೆ ಗೋಡೆ ತಗ್ಗಿದಂತೆ ಇಳಿಕೆಯೂ ನಿಧಾನವಾಗುತ್ತದೆ. 51 ಫೆಮ್ಟೋಮೀಟರ್ ದಾಟುವ ಹೊತ್ತಿಗೆ ಉಳಿಯುವುದು ಅತ್ಯಲ್ಪ. ಆದರೆ ಉಳಿದದ್ದು ಸೊನ್ನೆಯಲ್ಲ, ಮತ್ತು ಗೋಡೆಯ ಆಚೆ ಅದು ಮತ್ತೆ ಅಲೆಯಾಗಿ ಮುಂದುವರಿಯುತ್ತದೆ.

ಇದನ್ನು ಸಂಖ್ಯೆಗಿಳಿಸಿ ನೋಡುವುದು ಈ ಸಿದ್ಧಾಂತದ ನಿಜವಾದ ಸವಿ. ಆಲ್ಫಾ ಕಣ ಒಳಗೆ ಸೆಕೆಂಡಿಗೆ ಹದಿನಾಲ್ಕು ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಅತ್ತಿಂದಿತ್ತ ಓಡಾಡುತ್ತಿದೆಯೆಂದು ಭಾವಿಸಿದರೆ, ಅಷ್ಟು ಕಿರಿದಾದ ಜಾಗದಲ್ಲಿ ಅದು ಸೆಕೆಂಡಿಗೆ ಸುಮಾರು 1ರ ಮುಂದೆ 21 ಸೊನ್ನೆಗಳಷ್ಟು ಬಾರಿ ಗೋಡೆಗೆ ಬಡಿಯುತ್ತದೆ. ಒಂದು ಬಡಿತದಲ್ಲಿ ಪಾರಾಗುವ ಸಂಭವನೀಯತೆ, ಮೇಲೆ ಹೇಳಿದ ಗೋಡೆಗೆ, 1ರ ಮುಂದೆ 38 ಸೊನ್ನೆಗಳಿರುವ ಸಂಖ್ಯೆಯಲ್ಲಿ ಒಂದು. ಎರಡನ್ನೂ ಭಾಗಿಸಿದರೆ ಕಾಯಬೇಕಾದ ಕಾಲ 1ರ ಮುಂದೆ 17 ಸೊನ್ನೆಗಳಷ್ಟು ಸೆಕೆಂಡುಗಳು, ಅಂದರೆ ಮುನ್ನೂರು ಕೋಟಿ ವರ್ಷಗಳಿಗೆ ಮೇಲ್ಪಟ್ಟು. ಅಳತೆಯಿಂದ ತಿಳಿದಿರುವ ಅರ್ಧಾಯು 447 ಕೋಟಿ. ಇಷ್ಟು ಒರಟು ಲೆಕ್ಕಕ್ಕೆ ಇದು ಅದ್ಭುತವೆನ್ನುವಂಥ ಹೊಂದಾಣಿಕೆ. ಅದರಲ್ಲಿ ಸ್ವಲ್ಪ ಅದೃಷ್ಟವೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ, ಏಕೆಂದರೆ ಆಲ್ಫಾ ಕಣವು ನ್ಯೂಕ್ಲಿಯಸ್ಸಿನೊಳಗೆ ಸದಾ ಸಿದ್ಧವಾಗಿ ಓಡಾಡುತ್ತಿರುತ್ತದೆ ಎನ್ನುವುದು ಒಂದು ಸರಳೀಕರಣ ಮಾತ್ರ.

ನಿಮ್ಮನ್ನು ಕಾಡಿದ ಗೊಂದಲ ಅರ್ನೆಸ್ಟ್ ರದರ್‌ಫರ್ಡ್ ಅವರನ್ನೂ ಕಾಡಿತ್ತು. ಯುರೇನಿಯಂ ತಾನೇ ಹೊರಸೂಸುವ ಕಣಗಳಿಗಿಂತ ಸರಿಸುಮಾರು ಇಮ್ಮಡಿ ಶಕ್ತಿಯ ಆಲ್ಫಾ ಕಣಗಳನ್ನು ಹೊರಗಿನಿಂದ ಯುರೇನಿಯಂ ಮೇಲೆ ಹಾಯಿಸಿದರೂ ಅವು ವಿದ್ಯುತ್ ವಿಕರ್ಷಣೆಯ ನಿಯಮದಂತೆಯೇ ಹಿಂದೆ ಸರಿಯುತ್ತಿದ್ದವು. ಅಂದರೆ ಗೋಡೆಯನ್ನು ಹೊಗಲು ಅಷ್ಟು ಶಕ್ತಿಯೂ ಸಾಲದು. ಅದರ ಅರ್ಧ ಶಕ್ತಿಯ ಕಣ ಒಳಗಿನಿಂದ ಬರುವುದಾದರೂ ಹೇಗೆ? ಆಲ್ಫಾ ಕಣ ಎರಡು ಎಲೆಕ್ಟ್ರಾನ್‌ಗಳನ್ನು ಅಂಟಿಸಿಕೊಂಡು ಆವೇಶರಹಿತವಾಗಿ ಹೊರಬಂದು, ಆಮೇಲೆ ಅವನ್ನು ಬಿಟ್ಟುಕೊಡುತ್ತದೆಯೆಂದು 1927ರಲ್ಲಿ ರದರ್‌ಫರ್ಡ್ ಒಂದು ಊಹೆ ಮಂಡಿಸಿದರು. ಮರುವರ್ಷ ಲೆನಿನ್‌ಗ್ರಾಡಿನಿಂದ ಜರ್ಮನಿಯ ಗಟಿಂಗೆನ್‌ಗೆ ಬಂದಿದ್ದ 24 ವರ್ಷದ ಜಾರ್ಜ್ ಗ್ಯಾಮೋ ಆ ಲೇಖನವನ್ನು ಗ್ರಂಥಾಲಯದಲ್ಲಿ ಓದಿ, ಎಲೆಕ್ಟ್ರಾನ್‌ಗಳ ನೆರವಿಲ್ಲದೆಯೇ ಹೊಸ ತರಂಗ ಸಿದ್ಧಾಂತದಿಂದ ಉತ್ತರ ಕೊಡಬಹುದೆಂದು ಕಂಡರು. ಅದೇ 1928ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಅವರೂ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದರು. ಅದುವರೆಗೆ ಎಲ್ಲರೂ ಆಲ್ಫಾ ಕಣ ಸ್ಫೋಟದ ರಭಸದಿಂದ ಚಿಮ್ಮುತ್ತದೆಂದು ಬರೆಯುತ್ತಿದ್ದರು; ಇವರಿಬ್ಬರು, ಅದು ಯಾರ ಗಮನಕ್ಕೂ ಬಾರದಂತೆ ಜಾರಿಕೊಳ್ಳುತ್ತದೆ ಎನ್ನುವುದೇ ಸರಿಯಾದೀತು ಎಂಬರ್ಥದ ಮಾತನ್ನು ಬರೆದರು. ಸಾಲ ಮಾಡಿ ಹಾರುವ ಕಥೆಗಿಂತ ಈ ಮಾತು ಸತ್ಯಕ್ಕೆ ಎಷ್ಟೋ ಹತ್ತಿರ.

ಪ್ರಶ್ನೆ: ಯುರೇನಿಯಂ-238ರ ಆಲ್ಫಾ ಕಣದ ಶಕ್ತಿ 4.20 ಎಂಇವಿ, ಪೊಲೋನಿಯಂ-212ರದು 8.78. ಶಕ್ತಿ ಎರಡು ಪಟ್ಟಾಗುವಷ್ಟರಲ್ಲಿ ಅರ್ಧಾಯು ಕೋಟ್ಯಂತರ ವರ್ಷಗಳಿಂದ ಸೆಕೆಂಡಿನ ಚೂರಿಗೆ ಇಳಿಯುವುದೇಕೆ?
– ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಸಂಭವನೀಯತೆಯ ಸೂತ್ರದಲ್ಲಿ ಶಕ್ತಿಯು ಘಾತಾಂಕದಲ್ಲಿ ಕುಳಿತಿರುವುದೇ ಕಾರಣ. ಪೊಲೋನಿಯಂ-212ಕ್ಕೂ ಮೇಲಿನ ಲೆಕ್ಕವನ್ನೇ ಮಾಡಿ ನೋಡಿ. ಅಲ್ಲಿ ಉಳಿಯುವ ನ್ಯೂಕ್ಲಿಯಸ್ ಸೀಸ, ಅದರ ಪ್ರೋಟಾನ್‌ಗಳು 82. ಆದ್ದರಿಂದ ಭಾಗಿಸಬೇಕಾದ ಸಂಖ್ಯೆ 259ರ ಬದಲು 236. ಅಂಚಿನಲ್ಲಿ ಗೋಡೆಯ ಎತ್ತರ ಸುಮಾರು 26 ಎಂಇವಿ, ಯುರೇನಿಯಂನದಕ್ಕಿಂತ ಹೆಚ್ಚೇನೂ ಕಡಿಮೆಯಿಲ್ಲ. ಆದರೆ ಒಟ್ಟು ಕ್ಷಯಶಕ್ತಿ 8.95 ಎಂಇವಿ ಆಗಿರುವುದರಿಂದ ಕಣವು 26 ಫೆಮ್ಟೋಮೀಟರ್ ದೂರದಲ್ಲೇ ಹೊರಬೀಳುತ್ತದೆ. ನ್ಯೂಕ್ಲಿಯಸ್ಸಿನ ಅಂಚು 9ರಲ್ಲಿರುವುದರಿಂದ ದಾಟಬೇಕಾದ ದಪ್ಪ 17 ಫೆಮ್ಟೋಮೀಟರ್ ಮಾತ್ರ, ಯುರೇನಿಯಂನದರ ಮೂರನೇ ಒಂದು ಭಾಗ. ಒಂದು ಬಡಿತದಲ್ಲಿ ಪಾರಾಗುವ ಸಂಭವನೀಯತೆಯಲ್ಲಿ ಸೊನ್ನೆಗಳು 38ರಿಂದ 14ಕ್ಕೆ ಇಳಿಯುತ್ತವೆ. ಬಡಿತಗಳ ಸಂಖ್ಯೆ ಎರಡರಲ್ಲೂ ಬಹುತೇಕ ಒಂದೇ ಆಗಿರುವುದರಿಂದ, ಅರ್ಧಾಯುವಿನಲ್ಲೂ ಸುಮಾರು ಅಷ್ಟೇ ಸೊನ್ನೆಗಳ ಅಂತರ ಬರಬೇಕು. ಅಳತೆಯೂ ಅದನ್ನೇ ಹೇಳುತ್ತದೆ. ಪೊಲೋನಿಯಂ-212ರ ಅರ್ಧಾಯು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಮೂರನೇ ಒಂದರಷ್ಟು.

ಇವೆರಡರ ನಡುವೆ ಬರುವ ನ್ಯೂಕ್ಲಿಯಸ್‌ಗಳೂ ಇದೇ ಸಾಲಿನಲ್ಲಿ ನಿಲ್ಲುತ್ತವೆ. ರೇಡಿಯಂ-226ರ ಆಲ್ಫಾ ಕಣಕ್ಕೆ 4.78 ಎಂಇವಿ, ಅರ್ಧಾಯು 1600 ವರ್ಷ. ರೇಡಾನ್-222ಕ್ಕೆ 5.49 ಎಂಇವಿ, ಅರ್ಧಾಯು 3.8 ದಿನ. ಪೊಲೋನಿಯಂ-214ಕ್ಕೆ 7.69 ಎಂಇವಿ, ಅರ್ಧಾಯು ಸೆಕೆಂಡಿನ ಆರು ಸಾವಿರದಲ್ಲಿ ಒಂದು ಭಾಗ. ಸಾಲಿನ ಇನ್ನೊಂದು ತುದಿಯಲ್ಲಿ ಥೋರಿಯಂ-232 ಇದೆ: 4.01 ಎಂಇವಿ, ಅರ್ಧಾಯು 1400 ಕೋಟಿ ವರ್ಷ. ಮದುವೆ ಮನೆಗಳಲ್ಲಿ, ಬಯಲಾಟದ ರಂಗದ ಮೇಲೆ ಹಿಂದೆ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ಗ್ಯಾಸ್‌ಲೈಟಿನ ಮ್ಯಾಂಟಲ್‌ನಲ್ಲಿ ಬೆಳ್ಳಗೆ ಬೆಳಗುತ್ತಿದ್ದುದು ಮುಖ್ಯವಾಗಿ ಇದೇ ಥೋರಿಯಂನ ಆಕ್ಸೈಡ್. ಅದರ ಬೆಳಕಿಗೂ ವಿಕಿರಣಕ್ಕೂ ಸಂಬಂಧವಿರಲಿಲ್ಲವೆನ್ನಿ; ಬೆಳಕು ಬರುತ್ತಿದ್ದುದು ಬಿಸಿಯಿಂದ.

ಈ ಸಂಬಂಧವನ್ನು ಪ್ರಯೋಗದಲ್ಲಿ ಮೊದಲು ಗುರುತಿಸಿದವರು ಹಾನ್ಸ್ ಗೈಗರ್ ಮತ್ತು ಜಾನ್ ನಟಾಲ್, 1911ರಲ್ಲಿ. ಗಾಳಿಯಲ್ಲಿ ಹೆಚ್ಚು ದೂರ ಸಾಗುವ ಆಲ್ಫಾ ಕಣಗಳನ್ನು ಸೂಸುವ ಧಾತುಗಳು ಬೇಗ ಕ್ಷಯಿಸುತ್ತವೆಂದೂ, ಎರಡರ ಲಾಗರಿದಮ್‌ಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ಸರಳರೇಖೆ ಬರುತ್ತದೆಂದೂ ಅವರು ತೋರಿಸಿದರು. ಕಾರಣ ಮಾತ್ರ ಹದಿನೇಳು ವರ್ಷ ಯಾರಿಗೂ ಹೊಳೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಗ್ಯಾಮೋ ಸಿದ್ಧಾಂತದ ದೊಡ್ಡ ಗೆಲುವು ಇರುವುದು ಕಣ ಗೋಡೆ ದಾಟುತ್ತದೆಂಬ ಬೆರಗಿನಲ್ಲಿ ಅಲ್ಲ, ಕೋಟ್ಯಂತರ ವರ್ಷವನ್ನೂ ಮೈಕ್ರೋಸೆಕೆಂಡನ್ನೂ ಒಂದೇ ಸೂತ್ರದಿಂದ ಕೊಟ್ಟುದರಲ್ಲಿ. ಪರೀಕ್ಷೆಯಲ್ಲಿ ಬರೆಯುವಾಗ ಒಂದು ಎಚ್ಚರಿಕೆ: ಪ್ರೋಟಾನ್, ನ್ಯೂಟ್ರಾನ್ ಎರಡೂ ಸಮಸಂಖ್ಯೆಯಲ್ಲಿರುವ ನ್ಯೂಕ್ಲಿಯಸ್‌ಗಳಿಗೆ ಈ ನಿಯಮ ಚೆನ್ನಾಗಿ ಒಪ್ಪುತ್ತದೆ. ಯುರೇನಿಯಂ-235ರಂತೆ ಬೆಸಸಂಖ್ಯೆಯ ನ್ಯೂಟ್ರಾನ್ ಇರುವವು ಸಾಮಾನ್ಯವಾಗಿ ಈ ಲೆಕ್ಕ ಹೇಳುವುದಕ್ಕಿಂತ ನಿಧಾನವಾಗಿ ಕ್ಷಯಿಸುತ್ತವೆ, ಏಕೆಂದರೆ ಜೊತೆಯಿಲ್ಲದ ಆ ಒಂದು ಕಣದಿಂದಾಗಿ ಒಳಗೆ ಆಲ್ಫಾ ಕಣ ರೂಪುಗೊಳ್ಳುವುದೇ ಕಷ್ಟವಾಗುತ್ತದೆ.

ಪ್ರಶ್ನೆ: ಹೊರಬರುವುದು ಆಲ್ಫಾ ಕಣವೇ ಏಕೆ? ಪ್ರೋಟಾನ್ ಅದಕ್ಕಿಂತ ಹಗುರ, ಅದರ ಆವೇಶವೂ ಅರ್ಧ. ಗೋಡೆ ದಾಟುವುದು ಅದಕ್ಕೆ ಇನ್ನೂ ಸುಲಭವಾಗಬೇಕಿತ್ತಲ್ಲವೇ?
– ನಿವೃತ್ತ ಅಧ್ಯಾಪಕರು, ಮಂಗಳೂರು

ಉತ್ತರ: ತಮ್ಮ ತರ್ಕ ಸರಿಯಾಗಿದೆ, ಗೋಡೆಯೊಂದೇ ಅಡ್ಡಿಯಾಗಿದ್ದರೆ ಪ್ರೋಟಾನೇ ಮೊದಲು ಹೊರಬರುತ್ತಿತ್ತು. ಆದರೆ ಯುರೇನಿಯಂ-238ರಿಂದ ಒಂದು ಪ್ರೋಟಾನನ್ನು ಬಿಡಿಸಲು ನಾವೇ ಕೈಯಿಂದ ಸುಮಾರು 7 ಎಂಇವಿಗೂ ಹೆಚ್ಚು ಶಕ್ತಿಯನ್ನು ಹಾಕಬೇಕು. ಅಂದರೆ ಹೊರಗೆ ಅದಕ್ಕೆ ಉಳಿಯುವ ಶಕ್ತಿ ಸೊನ್ನೆಗಿಂತ ಕೆಳಗೆ. ಅಂಥ ಕಣದ ಪಾಲಿಗೆ ಗೋಡೆಗೆ ಆಚೆ ಬದಿಯೇ ಇಲ್ಲ, ಟನೆಲಿಂಗ್ ಅಲ್ಲಿ ನೆರವಿಗೆ ಬಾರದು. ಟನೆಲಿಂಗ್ ಶಕ್ತಿಯನ್ನು ಒದಗಿಸುವುದಿಲ್ಲ ಎಂಬುದು ಇಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಆಲ್ಫಾ ಕಣದ ಲೆಕ್ಕವೇ ಬೇರೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳನ್ನು ಯುರೇನಿಯಂನಿಂದ ಬಿಡಿಬಿಡಿಯಾಗಿ ತೆಗೆಯಲು ಒಟ್ಟು 24 ಎಂಇವಿ ಖರ್ಚಾಗುತ್ತದೆ. ಅವೇ ನಾಲ್ಕು ಒಂದುಗೂಡಿ ಹೀಲಿಯಂ ನ್ಯೂಕ್ಲಿಯಸ್ ಆದಾಗ 28.3 ಎಂಇವಿ ಮರಳಿ ಸಿಗುತ್ತದೆ. ಉಳಿತಾಯ 4.3, ಮೊದಲ ಉತ್ತರದಲ್ಲಿ ದ್ರವ್ಯರಾಶಿಯ ಕೊರತೆಯಿಂದ ಪಡೆದದ್ದೂ ಇದೇ ಮೊತ್ತ. ಹಗುರ ನ್ಯೂಕ್ಲಿಯಸ್‌ಗಳಲ್ಲಿ ಇಷ್ಟು ಬಿಗಿಯಾದ ಬಂಧನ ಹೀಲಿಯಂ-4ರ ವಿಶೇಷ.

ಇನ್ನೂ ದೊಡ್ಡ ತುಣುಕುಗಳು ಬರಲಾರವೇ ಎಂದರೆ, ಬರುತ್ತವೆ, ಆದರೆ ಬಹಳ ಅಪರೂಪಕ್ಕೆ. ರೇಡಿಯಂ-223 ಕಾರ್ಬನ್-14 ನ್ಯೂಕ್ಲಿಯಸ್ಸನ್ನು ಹೊರಸೂಸುವುದನ್ನು 1984ರಲ್ಲಿ ಆಕ್ಸ್‌ಫರ್ಡಿನ ರೋಸ್ ಮತ್ತು ಜೋನ್ಸ್ ಪತ್ತೆಹಚ್ಚಿದರು. ಸುಮಾರು 100 ಕೋಟಿ ಆಲ್ಫಾ ಕಣಗಳಿಗೆ ಅಂಥದೊಂದು. ಆ ಕ್ಷಯದಲ್ಲಿ ದೊರಕುವ ಶಕ್ತಿ 32 ಎಂಇವಿಯಷ್ಟಿದ್ದರೂ, ಕಾರ್ಬನ್‌ನ 6 ಪ್ರೋಟಾನ್‌ಗಳಿಂದಾಗಿ ಗೋಡೆ ಬಲವಾಗುತ್ತದೆ, ತುಣುಕೂ ಭಾರವಾಗುತ್ತದೆ, ಅಷ್ಟು ದೊಡ್ಡ ಗುಂಪು ಒಳಗೆ ಕೂಡಿಬರುವುದೂ ವಿರಳ.

ಪ್ರಶ್ನೆ: ಯುರೇನಿಯಂ ಅನ್ನು ಕುಲುಮೆಯಲ್ಲಿ ಕಾಯಿಸಿದರೆ ಆಲ್ಫಾ ಕ್ಷಯ ಬೇಗವಾಗುತ್ತದೆಯೇ? ಯಾವ ಪರಮಾಣು ಯಾವಾಗ ಒಡೆಯುತ್ತದೆಂದು ಮೊದಲೇ ಹೇಳಬಹುದೇ?
– ಓದುಗರು, ಪುಣೆ

ಉತ್ತರ: ಎರಡಕ್ಕೂ ಇಲ್ಲವೆಂದೇ ಉತ್ತರ. ಸಾವಿರ ಡಿಗ್ರಿಯ ಕುಲುಮೆ ಒಂದು ಪರಮಾಣುವಿಗೆ ಕೊಡುವ ಶಕ್ತಿ ಎಲೆಕ್ಟ್ರಾನ್ ವೋಲ್ಟಿನ ಹತ್ತನೇ ಒಂದರಷ್ಟು. ಗೋಡೆಯ ಮಾನವೋ ಅದರ ಇಪ್ಪತ್ತು ಕೋಟಿಗೂ ಹೆಚ್ಚು ಪಟ್ಟು. ಆ ಬಿಸಿ ನ್ಯೂಕ್ಲಿಯಸ್ಸಿಗೆ ತಟ್ಟುವುದೇ ಇಲ್ಲ.

ಒಂದು ಗ್ರಾಂ ಯುರೇನಿಯಂ-238ರಲ್ಲಿ ಸೆಕೆಂಡಿಗೆ ಸುಮಾರು 12,400 ನ್ಯೂಕ್ಲಿಯಸ್‌ಗಳು ಕ್ಷಯಿಸುತ್ತವೆ. ಈ ಸಂಖ್ಯೆಯನ್ನು ನಿಖರವಾಗಿ ಹೇಳಬಹುದು, ಮುಂದಿನ ಸರದಿ ಯಾವುದರದೆಂದು ಹೇಳಲಾಗದು. ಪ್ರತಿ ಬಡಿತದಲ್ಲೂ ಪಾರಾಗುವ ಸಂಭವನೀಯತೆ ಒಂದೇ ಆಗಿರುವುದರಿಂದ ನ್ಯೂಕ್ಲಿಯಸ್ಸಿಗೆ ವಯಸ್ಸಾಗುವುದೆಂಬುದಿಲ್ಲ. ಭೂಮಿ ಹುಟ್ಟುವ ಮೊದಲಿನಿಂದ ಉಳಿದುಬಂದ ಯುರೇನಿಯಂ-238ರ ನ್ಯೂಕ್ಲಿಯಸ್ಸಿಗೂ, ಪ್ಲುಟೋನಿಯಂ-242ರ ಕ್ಷಯದಿಂದ ಈಗಷ್ಟೇ ಹುಟ್ಟಿದ ಯುರೇನಿಯಂ-238ರ ನ್ಯೂಕ್ಲಿಯಸ್ಸಿಗೂ ಮುಂದಿನ ಸೆಕೆಂಡಿನಲ್ಲಿ ಕ್ಷಯಿಸುವ ಅವಕಾಶ ಸರಿಸಮ.

ಪ್ರಶ್ನೆ: ಕಣ ಒಳಗಿನಿಂದ ಹೊರಬರುವುದಾದರೆ, ಹೊರಗಿನಿಂದ ಒಳಗೂ ಹೀಗೆಯೇ ಹೋಗಬಹುದೇ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾಸನ

ಉತ್ತರ: ಹೋಗಬಹುದು, ಸೂತ್ರ ಎರಡೂ ದಿಕ್ಕಿಗೆ ಒಂದೇ. ಸೂರ್ಯನ ಗರ್ಭದ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ. ಅಷ್ಟು ಬಿಸಿಯಲ್ಲೂ ಒಂದು ಪ್ರೋಟಾನಿಗೆ ಸಿಗುವ ಶಕ್ತಿ, ಎರಡು ಪ್ರೋಟಾನ್‌ಗಳ ನಡುವಿನ ತಡೆಗೋಡೆಯ ಎತ್ತರದ ಮುಂದೆ ನೂರಾರು ಪಟ್ಟು ಕಡಿಮೆ. ಆದರೂ ಅಲ್ಲಿ ಸಮ್ಮಿಲನ ನಡೆಯುವುದು ಟನೆಲಿಂಗ್‌ನಿಂದ ಎಂದು ರಾಬರ್ಟ್ ಅಟ್‌ಕಿನ್ಸನ್ ಮತ್ತು ಫ್ರಿಟ್ಸ್ ಹೌಟರ್‌ಮನ್ಸ್ 1929ರಲ್ಲೇ ತೋರಿಸಿದರು.

ಪ್ರಯೋಗಾಲಯದಲ್ಲಿ ಇದು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಸಾಧ್ಯವಾಯಿತು. ನ್ಯೂಕ್ಲಿಯಸ್ಸನ್ನು ಹೊಗಲು ಗೋಡೆಯಷ್ಟೇ ಎತ್ತರದ ಶಕ್ತಿ ಬೇಕೆಂದಾದರೆ ಆಗಿನ ಯಂತ್ರಗಳಿಂದ ಅದನ್ನು ಒದಗಿಸುವುದು ಆಗದ ಮಾತಾಗಿತ್ತು. ಗ್ಯಾಮೋ ಅವರ ಲೆಕ್ಕವನ್ನು ನೋಡಿದ ಜಾನ್ ಕಾಕ್‌ಕ್ರಾಫ್ಟ್, ಹಗುರ ಧಾತುಗಳ ಮೇಲೆ ಸಾಕಷ್ಟು ಪ್ರೋಟಾನ್‌ಗಳನ್ನು ಸುರಿದರೆ ಕೆಲವು ಲಕ್ಷ ವೋಲ್ಟಿನಲ್ಲೇ ಒಂದಷ್ಟು ಒಳಹೊಗುತ್ತವೆಂದು ಕಂಡುಕೊಂಡರು. ಅವರೂ ಅರ್ನೆಸ್ಟ್ ವಾಲ್ಟನ್ ಅವರೂ ಯಂತ್ರ ಕಟ್ಟಿ, 1932ರ ಏಪ್ರಿಲ್‌ನಲ್ಲಿ ಲಿಥಿಯಂ ಮೇಲೆ ಪ್ರೋಟಾನ್‌ಗಳನ್ನು ಹಾಯಿಸಿದರು. ಗೋಡೆಯ ಎತ್ತರ 1 ಎಂಇವಿಯ ಆಸುಪಾಸು, ಪ್ರೋಟಾನ್‌ಗಳ ಶಕ್ತಿ ಅದಕ್ಕಿಂತ ಬಹಳ ಕಡಿಮೆ; ಆದರೂ ಸತು ಸಲ್ಫೈಡಿನ ಪರದೆಯ ಮೇಲೆ ಮಿಂಚುಗಳು ಕಂಡವು. ಒಳಹೊಕ್ಕ ಒಂದೊಂದು ಪ್ರೋಟಾನಿಗೆ ಲಿಥಿಯಂ-7 ನ್ಯೂಕ್ಲಿಯಸ್ ಇಬ್ಭಾಗವಾಗಿ, ತಲಾ 8.6 ಎಂಇವಿಯಷ್ಟು ಶಕ್ತಿಯ ಎರಡು ಆಲ್ಫಾ ಕಣಗಳು ವಿರುದ್ಧ ದಿಕ್ಕುಗಳಿಗೆ ಹೊರಬೀಳುತ್ತಿದ್ದವು.